ಒಂದೇ ಅಚ್ಚು, ಹಲವು ಮುಖ: ಹೀ-ಮ್ಯಾನ್ ಬೊಂಬೆ, ಪೆಟ್ಟಿಗೆ ಚಿತ್ರ ಮತ್ತು ಸೆಲ್‌ಗಳು

(ಉಪನ್ಯಾಸದ ಬರಹ ರೂಪ)

ಎಂಬತ್ತರ ದಶಕದಲ್ಲಿ ಬೆಳೆದವರು ಒಮ್ಮೆ ಕಣ್ಣು ಮುಚ್ಚಿ, ಅಮೆರಿಕದ ಬೊಂಬೆ ಮತ್ತು ಟಿವಿ ಕಾರ್ಟೂನಿನ ವೀರ ಹೀ-ಮ್ಯಾನ್‌ನನ್ನು ನೆನಪಿಸಿಕೊಳ್ಳಿ. ಎದುರಿನಿಂದ ಓಡಿ ಬರುತ್ತಾನೆ, ನಿಲ್ಲುತ್ತಾನೆ, ಮುಷ್ಟಿಯನ್ನು ನೇರ ನಮ್ಮ ಕಡೆಗೇ ಬೀಸುತ್ತಾನೆ, ಮುಷ್ಟಿ ಪರದೆ ತುಂಬುತ್ತದೆ. ಇಲ್ಲಿ ಕೂತವರಲ್ಲಿ ಬಹುಪಾಲು ಮಂದಿಗೆ ಇದೇ ಚಿತ್ರ ಬಂದಿರಬೇಕು. ಒಂದು ಪೂರ್ತಿ ಕಂತಿನ ಕಥೆ ಹೇಳಿ ಎಂದರೆ ತಡವರಿಸುತ್ತೇವೆ, ಆದರೆ ಈ ಮುಷ್ಟಿ ಮಾತ್ರ ಅಚ್ಚೊತ್ತಿದಂತೆ ಉಳಿದಿದೆ. ಕಾರಣ ಸರಳ. ಆ ಓಟ, ಆ ಮುಷ್ಟಿ, ಕತ್ತಿ ಎತ್ತಿ ಹಿಡಿದು ರೂಪ ಬದಲಿಸುವ ಆ ದೃಶ್ಯ ಎಲ್ಲವನ್ನೂ ಒಮ್ಮೆ ಬರೆದಿಟ್ಟುಕೊಂಡು ಕಂತಿನಿಂದ ಕಂತಿಗೆ ಬಳಸಿದರು. ಬೊಂಬೆ ಮಾಡಿದ ಮ್ಯಾಟೆಲ್ ಕಂಪನಿಯೂ ಇದನ್ನೇ ಮಾಡಿತು: ಒಂದು ಅಚ್ಚಿನಲ್ಲಿ ಎಷ್ಟು ಪಾತ್ರ ತೆಗೆಯಬಹುದೋ ಅಷ್ಟು ತೆಗೆಯಿತು. ಈ ಮಿತವ್ಯಯವೇ ಹೀ-ಮ್ಯಾನ್ ಕಲೆಯ ಬೆನ್ನೆಲುಬು ಎಂಬುದು ಇಂದಿನ ಮಾತಿನ ತಿರುಳು. ಇದು ಗೊತ್ತಿದ್ದರೆ ಕೈಗೆ ಸಿಕ್ಕ ಬೊಂಬೆ ಅಥವಾ ಸೆಲ್ (ಕಾರ್ಟೂನ್ ಚಿತ್ರ ಬರೆದ ಪಾರದರ್ಶಕ ಹಾಳೆ) ಯಾವುದು, ಅದು ಯಾಕೆ ಹಾಗಿದೆ, ಅದನ್ನು ಕಾಪಾಡುವುದು ಹೇಗೆ ಎನ್ನುವುದೂ ತಾನಾಗಿ ತಿಳಿಯುತ್ತದೆ.

ಮೊದಲು ಬೊಂಬೆ, ಯಾಕೆಂದರೆ ಮೊದಲು ಹುಟ್ಟಿದ್ದು ಅದೇ. 1976ರಲ್ಲಿ ಸ್ಟಾರ್ ವಾರ್ಸ್ ಚಿತ್ರದ ಆಟಿಕೆ ಮಾಡುವ ಹಕ್ಕು ಮ್ಯಾಟೆಲ್ ಕಂಪನಿಯ ಬಾಗಿಲಿಗೆ ಬಂದಿತ್ತು, ಅವರು ಬೇಡವೆಂದರು. ಹಕ್ಕು ಕೆನ್ನರ್ ಕಂಪನಿಯ ಪಾಲಾಯಿತು, ಮುಂದೆ ಆ ಆಟಿಕೆಗಳು ಎಷ್ಟು ಮಾರಾಟವಾದವೆಂದು ಲೋಕಕ್ಕೆಲ್ಲ ಗೊತ್ತು. ಹುಡುಗರ ಆಟಿಕೆಯಲ್ಲಿ ತಮ್ಮದೇ ಒಂದು ಸಾಲು ಬೇಕು ಎಂಬ ಒತ್ತಡ ಮ್ಯಾಟೆಲ್ ಒಳಗೆ ಶುರುವಾಗಿದ್ದು ಆಮೇಲೆ. ರೋಜರ್ ಸ್ವೀಟ್ ಎಂಬ ವಿನ್ಯಾಸಕ ಕಂಪನಿಯದೇ ಹಳೆಯ ಬಿಗ್ ಜಿಮ್ ಬೊಂಬೆಗಳ ಮೇಲೆ ಜೇಡಿಮಣ್ಣು ಮೆತ್ತಿ, ಸ್ನಾಯು ಉಬ್ಬಿಸಿ, ಮೂರು ಮಾದರಿ ಮಾಡಿ ಮುಂದಿಟ್ಟರು: ಒಬ್ಬ ಕಾಡು ಯೋಧ, ಒಬ್ಬ ಸೈನಿಕ, ಒಬ್ಬ ಅಂತರಿಕ್ಷಯಾನಿ. ಮಾರ್ಕ್ ಟೇಲರ್ ಎಂಬ ಇನ್ನೊಬ್ಬ ಕಲಾವಿದ ಅದಕ್ಕೂ ಮೊದಲಿನಿಂದ ಇಂಥ ಯೋಧರ ಚಿತ್ರ ಬರೆದಿಟ್ಟುಕೊಂಡಿದ್ದರು. ಹೀ-ಮ್ಯಾನ್‌ನನ್ನು ನಿಜಕ್ಕೂ ಹುಟ್ಟಿಸಿದವರು ಯಾರು ಎಂಬ ಜಗಳ ದಶಕಗಟ್ಟಲೆ ನಡೆಯಿತು. ಬೊಂಬೆಯನ್ನೇ ಎದುರಿಗಿಟ್ಟು ನೋಡಿದರೆ ಇಬ್ಬರ ಪಾಲೂ ಕಾಣುತ್ತದೆ: ಆ ಉಬ್ಬಿದ ಮೈಕಟ್ಟು, ಯಾವ ಕಥೆಗೂ ಒಗ್ಗುವ ವೀರ ಎಂಬ ಯೋಚನೆ ಸ್ವೀಟ್ ಅವರದು, ತುಪ್ಪಳದ ಚಡ್ಡಿ, ತಲೆಬುರುಡೆಯ ಕೋಟೆ, ಒಟ್ಟು ಲೋಕದ ರೂಪ ಟೇಲರ್ ಅವರದು.

ಹೀ-ಮ್ಯಾನ್‌ನ ವೈರಿ ಸ್ಕೆಲಿಟರ್‌ನ ತಲೆಬುರುಡೆ ಮುಖದ ಹಿಂದೆ ಒಂದು ವಿಚಿತ್ರ ಸಂಗತಿಯಿದೆ. ಟೇಲರ್ ಚಿಕ್ಕವರಿದ್ದಾಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಪೈಕ್ ಎಂಬ ಜಾತ್ರೆ ಮೈದಾನದಲ್ಲಿ, ಭೂತದ ಮನೆಯೊಳಗೆ, ನೇತುಹಾಕಿದ ಒಂದು ಒಣ ಹೆಣ ನೋಡಿ ಹೆದರಿದ್ದರು. ಅದು ಬೊಂಬೆಯಲ್ಲ, ನಿಜವಾದ ಹೆಣ ಎಂದೇ ತನಗೆ ಅನಿಸಿತ್ತೆಂದು ಅವರು ಸಂದರ್ಶನಗಳಲ್ಲಿ ಹೇಳುತ್ತಿದ್ದರು. 1976ರಲ್ಲಿ ಅಲ್ಲೇ ಟಿವಿ ಚಿತ್ರೀಕರಣ ನಡೆದಾಗ ಆ 'ಬೊಂಬೆ'ಯ ತೋಳು ಮುರಿದು ಒಳಗಿನ ಮೂಳೆ ಹೊರಬಂತು. ಅದು ಎಲ್ಮರ್ ಮೆಕರ್ಡಿ ಎಂಬ ಹಳೆಯ ಕಾಲದ ದರೋಡೆಕೋರನ ಶವವೆಂದು ಗೊತ್ತಾಯಿತು.

ಮಾಸ್ಟರ್ಸ್ ಆಫ್ ದಿ ಯೂನಿವರ್ಸ್ ಎಂಬ ಹೆಸರಿನಲ್ಲಿ ಬೊಂಬೆಗಳು 1982ರಲ್ಲಿ ಅಂಗಡಿಗೆ ಬಂದವು. ಎತ್ತರ ಐದೂವರೆ ಇಂಚು, ಅಂದರೆ ಸುಮಾರು 14 ಸೆಂಟಿಮೀಟರ್. ಕಾಲು ಅರ್ಧ ಬಾಗಿಸಿ ನಿಂತ ಭಂಗಿ. ಸೊಂಟದೊಳಗೆ ಸ್ಪ್ರಿಂಗ್ ಇರುವುದರಿಂದ ಎದೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬಿಟ್ಟರೆ ರಪ್ಪನೆ ಮರಳಿ ಗುದ್ದುತ್ತದೆ. ಮೊದಲ ಸಾಲಿನ ಎಂಟು ಮಂದಿ: ಹೀ-ಮ್ಯಾನ್, ಸ್ಕೆಲಿಟರ್, ಮ್ಯಾನ್-ಅಟ್-ಆರ್ಮ್ಸ್, ಬೀಸ್ಟ್ ಮ್ಯಾನ್, ಮರ್-ಮ್ಯಾನ್, ಟೀಲಾ, ಸ್ಟ್ರಾಟೋಸ್, ಝೋಡ್ಯಾಕ್. ಬೊಂಬೆ ಅಂಟಿಸಿ ಮಾರುತ್ತಿದ್ದ ಆರಂಭದ ರಟ್ಟಿನ ಹಿಂಬದಿಯಲ್ಲಿ ಈ ಎಂಟರ ಚಿತ್ರ ಮಾತ್ರ ಇರುವುದರಿಂದ ಸಂಗ್ರಾಹಕರು ಅದನ್ನು 'ಎಯ್ಟ್ ಬ್ಯಾಕ್' ಅನ್ನುತ್ತಾರೆ. ತೆರೆಯದ ಪೊಟ್ಟಣದ ಕಾಲ ಹೇಳಲು ಮೊದಲು ನೋಡಬೇಕಾದದ್ದು ಈ ಹಿಂಬದಿಯನ್ನು.

ಈಗ ಅಚ್ಚಿನ ವಿಷಯ. ಉಕ್ಕಿನ ಅಚ್ಚು ಕೊರೆಸುವುದೇ ಆಟಿಕೆಯಲ್ಲಿ ದೊಡ್ಡ ಖರ್ಚು. ಒಮ್ಮೆ ಕೊರೆಸಿದ ಮೇಲೆ ಪ್ಲಾಸ್ಟಿಕ್ ಸುರಿಯುವುದು ಅಗ್ಗ. ಹಾಗಾಗಿ ಎಂಟು ಪಾತ್ರಕ್ಕೆ ಎಂಟು ಮೈ ಮಾಡಲಿಲ್ಲ. ಬೀಸ್ಟ್ ಮ್ಯಾನ್ ಮತ್ತು ಸ್ಟ್ರಾಟೋಸ್‌ರನ್ನು ಅಕ್ಕಪಕ್ಕ ಇಟ್ಟು ನೋಡಿ: ಒಬ್ಬ ಕಾಡುಮೃಗ, ಇನ್ನೊಬ್ಬ ಹಾರುವ ಮನುಷ್ಯ, ಮೈಯ ಕೂದಲು ಮಾತ್ರ ಒಂದೇ. ಸ್ಕೆಲಿಟರ್‌ನ ಉಗುರುಗಾಲು ಮರ್-ಮ್ಯಾನ್‌ಗೂ ಇದೆ. ಬ್ಯಾಟಲ್ ಕ್ಯಾಟ್ ಅಂತೂ ಹೊಸದಾಗಿ ಕೆತ್ತಿದ್ದೇ ಅಲ್ಲ, ಬಿಗ್ ಜಿಮ್ ಸಾಲಿನ ಹುಲಿಯ ಅಚ್ಚು. ಬಿಗ್ ಜಿಮ್ ಹೀ-ಮ್ಯಾನ್‌ಗಿಂತ ಎತ್ತರದ ಬೊಂಬೆಯಾದ್ದರಿಂದ ಆ ಹುಲಿ ಇಲ್ಲಿಗೆ ತೀರ ದೊಡ್ಡದಾಯಿತು. ದೊಡ್ಡದಾದರೆ ಸವಾರಿ ಮಾಡಲಿ ಎಂದು ಜೀನು ಹೊರಿಸಿ, ಹಸಿರು ಬಣ್ಣ ಕೊಟ್ಟರು. ಹೀ-ಮ್ಯಾನ್ ಹುಲಿ ಮೇಲೆ ಕೂರುವುದಕ್ಕೆ ಹಳೆಯ ಅಚ್ಚಿನ ಅಳತೆಯೇ ಕಾರಣ.

1983ರ ಫೇಕರ್ ಇದರ ತುತ್ತತುದಿ. ಹೀ-ಮ್ಯಾನ್‌ನ ಮೈ ಮತ್ತು ತಲೆಗೆ ನೀಲಿ ಬಣ್ಣ, ಸ್ಕೆಲಿಟರ್‌ನ ಎದೆಕವಚಕ್ಕೆ ಕಿತ್ತಳೆ, ಎದೆಯ ಮೇಲೆ ಟೇಪ್ ಸುರುಳಿಯಂತೆ ಕಾಣುವ ಒಂದು ಸ್ಟಿಕ್ಕರ್. ಹೀ-ಮ್ಯಾನ್ ವೇಷದ ರೋಬೋಟ್ ಎಂದು ಕಥೆ ಕಟ್ಟಿದರು. 1985ರ ಸ್ಟಿಂಕರ್‌ಗೆ ಮರ್-ಮ್ಯಾನ್‌ನ ತಲೆ, ಮೆಕಾನೆಕ್ ಎಂಬ ಇನ್ನೊಂದು ಪಾತ್ರದ ಕವಚ, ಹೊಸದು ವಾಸನೆಯೊಂದೇ. ಪ್ಲಾಸ್ಟಿಕ್‌ಗೇ ಪಚೋಲಿ ಎಣ್ಣೆ ಬೆರೆಸಿದ್ದರು. ನಾಲ್ಕು ದಶಕದ ಮೇಲೂ ಎಷ್ಟೋ ಬೊಂಬೆಗಳಲ್ಲಿ ಆ ವಾಸನೆ ಹಾಗೇ ಇದೆ. ಅದೇ ವರ್ಷದ ಮಾಸ್ ಮ್ಯಾನ್ ಎಂದರೆ ಬೀಸ್ಟ್ ಮ್ಯಾನ್‌ನ ಅಚ್ಚಿನ ಮೇಲೆ ಹಸಿರು ನೂಲುಪುಡಿ ಅಂಟಿಸಿ, ಪೈನ್ ಮರದ ಪರಿಮಳ ಹಾಕಿದ್ದು.

ಇದರಿಂದ ಸಂಗ್ರಾಹಕರಿಗೆ ಒಂದು ಎಚ್ಚರಿಕೆ. ಬೆನ್ನ ಮೇಲೆ ಮ್ಯಾಟೆಲ್ ಹೆಸರಿನ ಜೊತೆ 1981 ಎಂದು ಕಂಡರೆ ಬೊಂಬೆ 1981ರದ್ದು ಎಂದು ಮಾರುವವರಿದ್ದಾರೆ. ಅದು ಆ ಅಚ್ಚಿನ ಹಕ್ಕುಸ್ವಾಮ್ಯದ ವರ್ಷ ಮಾತ್ರ. ಅದೇ ಬೆನ್ನಿನ ಅಚ್ಚಿನಲ್ಲಿ ಆಮೇಲೆ ಬಂದ ಪಾತ್ರಗಳಿಗೂ ಅದೇ ವರ್ಷ ಬಿದ್ದಿದೆ. ಕಾಲ ಹೇಳಬೇಕಾದರೆ ತಯಾರಾದ ದೇಶದ ಹೆಸರು, ಬಣ್ಣ ಹಚ್ಚಿದ ರೀತಿ, ತಲೆಯ ಪ್ಲಾಸ್ಟಿಕ್ ಮೆದುವೋ ಗಟ್ಟಿಯೋ, ಕೈಯಲ್ಲಿನ ಆಯುಧ ಆ ಪಾತ್ರದ್ದೇ ಹೌದೋ, ಇಷ್ಟನ್ನೂ ಒಟ್ಟಿಗೆ ನೋಡಬೇಕು. ತಲೆಬುರುಡೆ ಆಕಾರದ ಆಟಿಕೆ ಕೋಟೆ ಗ್ರೇಸ್ಕಲ್ ಕೊಳ್ಳುವವರು ಗೋಡೆಗಿಂತ ಮೊದಲು ಬಿಡಿಭಾಗ ಎಣಿಸಲಿ: ದವಡೆ ಬಾಗಿಲು, ಲಿಫ್ಟ್, ಸಿಂಹಾಸನ, ಏಣಿ, ಬಾವುಟ, ತೋಪು, ಆಯುಧ ಇಡುವ ಚೌಕಟ್ಟು, ಒಳಗಿನ ಸ್ಟಿಕ್ಕರ್‌ಗಳು. ಸಿಂಹಾಸನ ತಿರುಗಿಸಿದರೆ ನೆಲದ ಗುಪ್ತ ಬಾಗಿಲು ತೆರೆಯಬೇಕು. ತೆರೆಯದಿದ್ದರೆ ಅದರ ಕೆಳಗಿನ ಕೊಂಡಿ ಮುರಿದಿದೆ ಎಂದರ್ಥ.

ಬೊಂಬೆಯ ಜೊತೆ ಪೊಟ್ಟಣದಲ್ಲಿ ಪುಟಾಣಿ ಪುಸ್ತಕ ಇರುತ್ತಿತ್ತು. ಮೊದಲ ನಾಲ್ಕನ್ನು ಬರೆದವರು ಡಾನ್ ಗ್ಲಟ್, ಚಿತ್ರ ಫಿಲಿಪ್ಪೀನ್ಸ್ ಮೂಲದ ಆಲ್ಫ್ರೆಡೋ ಅಲ್ಕಾಲಾ ಅವರದು. ಅವುಗಳಲ್ಲಿ ಮಾತಿನ ಗುಳ್ಳೆಗಳಿಲ್ಲ. ಪುಟಕ್ಕೊಂದು ಚಿತ್ರ, ಕೆಳಗೆ ನಾಲ್ಕು ಸಾಲು ಕಥೆ. ಟಿವಿಯಲ್ಲಿ ನೋಡಿದ ಹೀ-ಮ್ಯಾನ್‌ನನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಟಿವಿಯಲ್ಲಿ ಹೀ-ಮ್ಯಾನ್ ಆಗಿ ಬದಲಾಗುವ ರಾಜಕುಮಾರ ಆಡಮ್ ಇಲ್ಲ, ಅರಮನೆಯಿಲ್ಲ, ರೂಪ ಬದಲಿಸುವುದಿಲ್ಲ. ಕಾಡಿನ ಬುಡಕಟ್ಟೊಂದರಿಂದ ಹೊರಟು ಬಂದ ಯೋಧ ಅವನು. ಶಕ್ತಿಯ ಕತ್ತಿ ಎರಡು ಹೋಳಾಗಿದೆ, ಎರಡೂ ಸೇರಿದರೆ ಮಾತ್ರ ಗ್ರೇಸ್ಕಲ್ ಕೋಟೆಯ ಬಾಗಿಲು ತೆರೆಯುತ್ತದೆ. ಈ ಕಥೆ ಬೊಂಬೆಯಲ್ಲೇ ಅಡಗಿದೆ: ಹೀ-ಮ್ಯಾನ್‌ನ ಬೂದು ಕತ್ತಿ, ಸ್ಕೆಲಿಟರ್‌ನ ನೇರಳೆ ಕತ್ತಿ ಎರಡೂ ಒಂದು ಪಕ್ಕ ಚಪ್ಪಟೆ. ಒಂದಕ್ಕೊಂದು ಒತ್ತಿದರೆ ಕೂಡಿಕೊಂಡು ಒಂದೇ ಕತ್ತಿಯಾಗುತ್ತವೆ. ಟಿವಿ ಕಥೆ ಈ ಎರಡು ಹೋಳನ್ನು ಕೈಬಿಟ್ಟಿತು. ಹಾಗಾಗಿ ಬೊಂಬೆಯ ಕತ್ತಿ ಯಾಕೆ ಅರ್ಧ ಚಪ್ಪಟೆ ಎಂಬುದು ಟಿವಿ ಮಾತ್ರ ನೋಡಿದ ಮಕ್ಕಳಿಗೆ ಒಗಟಾಗಿಯೇ ಉಳಿಯಿತು.

ಪೆಟ್ಟಿಗೆ ಚಿತ್ರಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಇಡೀ ಲೋಕದ ಅತಿ ಒಳ್ಳೆಯ ಚಿತ್ರಕಲೆ ಇರುವುದು ಅಲ್ಲೇ. ಗ್ರೇಸ್ಕಲ್ ಕೋಟೆ, ಬ್ಯಾಟಲ್ ಕ್ಯಾಟ್, ವಾಹನಗಳಾದ ವಿಂಡ್ ರೇಡರ್, ಬ್ಯಾಟಲ್ ರ‍್ಯಾಮ್ ಮುಂತಾದ ಮೊದಲ ಪೆಟ್ಟಿಗೆಗಳನ್ನು ಬರೆದವರು ರೂಡಿ ಒಬ್ರೆರೋ. ಅಮೆರಿಕದ ಚಿತ್ರಕಾರ ಫ್ರಾಂಕ್ ಫ್ರಜೆಟ್ಟಾ ಅವರ ಯೋಧಚಿತ್ರಗಳ ಗತ್ತು ಇವುಗಳಲ್ಲಿ ಎದ್ದು ಕಾಣುತ್ತದೆ. ಕೋಟೆಯ ಪೆಟ್ಟಿಗೆಯನ್ನು ಗಮನಿಸಿ: ಒಳಗಿರುವುದು ಎರಡು ಭಾಗವಾಗಿ ತೆರೆಯುವ ಪ್ಲಾಸ್ಟಿಕ್ ಗೂಡು, ಮೇಲಿನ ಚಿತ್ರದಲ್ಲಿ ಅದು ಬಂಡೆಯಿಂದಲೇ ಎದ್ದ ಬೃಹತ್ ತಲೆಬುರುಡೆ. ಮನೆಗೆ ಒಯ್ದ ಮಗು ಪ್ಲಾಸ್ಟಿಕ್‌ನಲ್ಲಿ ಆ ಬಂಡೆಯನ್ನೇ ಕಾಣುತ್ತದೆ. ಆಟಿಕೆಯ ಪೆಟ್ಟಿಗೆಗೆ ಇದಕ್ಕಿಂತ ದೊಡ್ಡ ಕೆಲಸವಿಲ್ಲ, ಒಬ್ರೆರೋ ಅದನ್ನು ಪೂರ್ತಿ ಮಾಡಿದ್ದಾರೆ. ಅವರ ನಂತರದ ಹಲವು ಪೆಟ್ಟಿಗೆಗಳು ವಿಲಿಯಂ ಜಾರ್ಜ್ ಅವರವು. ಬಣ್ಣ ಹೆಚ್ಚು ಬೆಳಗಿದೆ, ಪಾತ್ರಗಳ ಗುಂಪು ದಟ್ಟವಾಗಿದೆ. ಪೋಸ್ಟರ್, ಪತ್ರಿಕೆಯ ಮುಖಪುಟಗಳಲ್ಲಿ ಅರ್ಲ್ ನೋರೆಮ್ ಕೈಚಳಕ ಕಾಣಬಹುದು. ರಟ್ಟಿನ ಹಿಂಬದಿಯ ಪುಟ್ಟ ಸಾಹಸಚಿತ್ರಗಳು ಎರಲ್ ಮೆಕಾರ್ಥಿ ಅವರವು.

ಇನ್ನು ಕಾರ್ಟೂನ್. ಅದನ್ನು ಮಾಡಿದ ಫಿಲ್ಮೇಷನ್ ಸ್ಟುಡಿಯೋ ಇದ್ದದ್ದು ಲಾಸ್ ಏಂಜಲೀಸ್ ಪ್ರದೇಶದಲ್ಲಿ, ಮುಖ್ಯಸ್ಥ ಲೂ ಶೈಮರ್. ಆ ಹೊತ್ತಿಗೆ ಅಮೆರಿಕದ ಬಹುತೇಕ ಟಿವಿ ಕಾರ್ಟೂನ್ ಕಂಪನಿಗಳು ಚಿತ್ರ ಬರೆಸುವ, ಬಣ್ಣ ತುಂಬಿಸುವ ಕೆಲಸವನ್ನು ಏಷ್ಯಾದ ಸ್ಟುಡಿಯೋಗಳಿಗೆ ಕಳಿಸುತ್ತಿದ್ದವು. ಅದರ ವಿರುದ್ಧ 1982ರಲ್ಲಿ ಕಲಾವಿದರ ಸಂಘ ಮುಷ್ಕರ ಹೂಡಿತು. ಶೈಮರ್ ಕೆಲಸ ಹೊರಗೆ ಕಳಿಸಲು ಒಪ್ಪಲಿಲ್ಲ. ಆದರೆ ಊರಲ್ಲೇ ಸಂಬಳ ಕೊಟ್ಟು ಮಾಡಿಸಬೇಕಾದರೆ ಚಿತ್ರಗಳ ಸಂಖ್ಯೆ ಇಳಿಸಲೇಬೇಕು, ಬರೆದದ್ದನ್ನೇ ಮತ್ತೆ ಮತ್ತೆ ಬಳಸಬೇಕು. ಆ ಮರುಬಳಕೆಯನ್ನು ಸೋಮಾರಿತನ ಎಂದು ಹಳಿದವರು ಬಹಳ ಮಂದಿ. ಒಂದು ಊರಿನ ನೂರಾರು ಕಲಾವಿದರ ಕೆಲಸ ಉಳಿಸಿದ ಲೆಕ್ಕಾಚಾರವನ್ನು ಹಾಗೆ ಕರೆಯುವುದು ತಪ್ಪು.

ಆ ಲೆಕ್ಕವನ್ನು ಬಿಡಿಸಿ ನೋಡೋಣ. ಸಿನಿಮಾ ರೀಲು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಜಾಹೀರಾತಿನ ಹೊತ್ತು ಕಳೆದು ಒಂದು ಕಂತು ಸುಮಾರು 22 ನಿಮಿಷ. ಅಂದರೆ 31,680 ಚೌಕಟ್ಟು. ಒಂದು ಚಿತ್ರವನ್ನು ಎರಡು ಚೌಕಟ್ಟು ನಿಲ್ಲಿಸಿದರೂ 15,840 ಚಿತ್ರ ಬೇಕು. ಆವರೆಗೆ ಶನಿವಾರ ಬೆಳಗಿನ ಕಾರ್ಟೂನ್‌ಗೆ ವರ್ಷಕ್ಕೆ 13ರಿಂದ 16 ಕಂತು ಮಾಡಿದರೆ ಸಾಕಿತ್ತು. ಹೀ-ಮ್ಯಾನ್ ವಾರದ ಐದು ದಿನವೂ ಪ್ರಸಾರವಾಗುವಂತೆ ಊರೂರಿನ ಚಾನಲ್‌ಗಳಿಗೆ ನೇರವಾಗಿ ಮಾರಿದ ಧಾರಾವಾಹಿ. ಐದು ದಿನ, 13 ವಾರ, ಒಟ್ಟು 65 ಕಂತು. 1983ರ ಸೆಪ್ಟೆಂಬರಿನಲ್ಲಿ ಶುರುವಾಯಿತು, ಮುಂದೆ ಇನ್ನೂ 65 ಸೇರಿ 130 ಆಯಿತು. ಅಷ್ಟನ್ನೂ ಹೊಸದಾಗಿ ಬರೆಯುವುದು ಯಾರಿಂದಲೂ ಆಗದ ಕೆಲಸ.

ಹಾಗಾಗಿ ಮೊದಲೇ ಒಂದು ಭಂಡಾರ ಕಟ್ಟಿದರು: ನಡಿಗೆ, ಓಟ, ಜಿಗಿತ, ತಿರುಗಿ ನೋಡುವುದು, ಬಂಡೆ ಎತ್ತುವುದು, ನಗುವುದು. ಇವುಗಳಿಗೆ ಮಾತ್ರ ಹಣ ಮತ್ತು ಹೊತ್ತು ಧಾರಾಳವಾಗಿ ಸುರಿದರು. ನಿಜವಾದ ಮನುಷ್ಯರು ಓಡುವುದನ್ನು, ಉರುಳುವುದನ್ನು ಚಿತ್ರೀಕರಿಸಿ, ಆ ರೀಲನ್ನು ಚೌಕಟ್ಟು ಚೌಕಟ್ಟಾಗಿ ಕಾಗದದ ಮೇಲೆ ಬೀಳಿಸಿ ತಿದ್ದಿದರು. ರೋಟೋಸ್ಕೋಪ್ ಎಂದರೆ ಇದೇ. ಹೀ-ಮ್ಯಾನ್ ಓಡುವಾಗ ಮೈಯ ಭಾರ ಸರಿಯಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಬಹುದು. ಅದೇ ಪಾತ್ರ ನಿಂತು ಮಾತಾಡುವಾಗ ಬಾಯಿ ಬಿಟ್ಟು ಬೇರೇನೂ ಅಲುಗುವುದಿಲ್ಲ.

ಬೊಂಬೆಯನ್ನು ಕಾರ್ಟೂನ್‌ಗೆ ತರುವಾಗ ಗೆರೆಗಳನ್ನೂ ಕಡಿಮೆ ಮಾಡಿದರು. ಬೊಂಬೆ ಸ್ಕೆಲಿಟರ್‌ಗೆ ಹಸಿರು-ಹಳದಿ ಬೆರೆತ ಮುಖ, ಬರಿಯ ಉಗುರುಗಾಲು. ಟಿವಿಯಲ್ಲಿ ಹಳದಿ ಮುಖ, ಕಾಲಿಗೆ ಬೂಟು. ಒಂದೊಂದು ಉಗುರನ್ನೂ ಸಾವಿರಾರು ಸಲ ಬರೆಯುವ ಕಷ್ಟ ತಪ್ಪಿತು. ಆರ್ಕೋ ಎಂಬ ತೇಲುವ ಪುಟ್ಟ ಮಾಂತ್ರಿಕ ಫಿಲ್ಮೇಷನ್‌ನವರೇ ಹುಟ್ಟಿಸಿದ ಪಾತ್ರ. ಅವನಿಗೆ ಮೊದಲು ಇಟ್ಟ ಹೆಸರು ಗೋರ್ಪೋ. ಎದೆಯ ಮೇಲೆ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಬರಬೇಕಿತ್ತು. ಒಂದು ಚಿತ್ರಸರಣಿಯನ್ನು ಎಡಬಲ ಮಗುಚಿ ಇನ್ನೊಂದು ದಿಕ್ಕಿಗೂ ಬಳಸುವುದು ಇಲ್ಲಿನ ರೂಢಿ. 'ಜಿ' ಅಕ್ಷರ ಮಗುಚಿದರೆ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಆಗುತ್ತದೆ, ಬರಿಯ ವೃತ್ತವಾದ 'ಓ'ಗೆ ಆ ತೊಂದರೆಯಿಲ್ಲ. ಹೆಸರನ್ನೇ ಬದಲಿಸಿದರು. ಆರ್ಕೋಗೆ ಕಾಲಿಲ್ಲದಿರುವುದೂ, ಮುಖ ಬಟ್ಟೆಯಲ್ಲಿ ಮುಚ್ಚಿರುವುದೂ ಚಿತ್ರಗಾರರಿಗೆ ಅನುಕೂಲವೇ: ನಡಿಗೆ ಬರೆಯಬೇಕಿಲ್ಲ, ಮಾತಿಗೆ ಬಾಯಿ ಹೊಂದಿಸಬೇಕಿಲ್ಲ.

ಧ್ವನಿಯಲ್ಲೂ ಇದೇ ಮಿತವ್ಯಯ. ಹೀ-ಮ್ಯಾನ್ ಜಾನ್ ಅರ್ವಿನ್. ಸ್ಕೆಲಿಟರ್, ಮ್ಯಾನ್-ಅಟ್-ಆರ್ಮ್ಸ್, ಪುಕ್ಕಲು ಹುಲಿ ಕ್ರಿಂಜರ್ ಮೂರೂ ಒಬ್ಬರೇ, ಆಲನ್ ಓಪನ್‌ಹೈಮರ್. ಟೀಲಾ, ಈವಿಲ್-ಲಿನ್, ಸಾರ್ಸರೆಸ್ ಮೂವರೂ ಲಿಂಡಾ ಗ್ಯಾರಿ. ಆರ್ಕೋನ ಧ್ವನಿಯ ಪಕ್ಕದಲ್ಲಿ ಎರಿಕ್ ಗುಂಡೆನ್ ಎಂಬ ಹೆಸರಿತ್ತು. ಅದು ಲೂ ಶೈಮರ್ ಅವರದೇ ಸುಳ್ಳುಹೆಸರು. ಕೊನೆಗೆ ಬರುತ್ತಿದ್ದ ನೀತಿಮಾತಿನ ತುಣುಕನ್ನು ಕೆಲವರು ಈಗ ನಗೆಯಾಡುತ್ತಾರೆ. ಆಟಿಕೆ ಮಾರಲು ಕಾರ್ಟೂನ್ ಮಾಡಿದ್ದಾರೆ ಎಂಬ ಟೀಕೆ ಆಗ ಬಲವಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ರಾಬರ್ಟ್ಸ್ ಅವರನ್ನು ಸಲಹೆಗಾರರಾಗಿ ಇಟ್ಟುಕೊಂಡು ಕೆಲಸ ನಡೆಯಿತು. ಹೀ-ಮ್ಯಾನ್ ಕತ್ತಿಯನ್ನು ಮನುಷ್ಯರ ಮೇಲೆ ಬೀಸುವುದಿಲ್ಲ. ಬಾಣ-ಕಿರಣ ತಡೆಯುತ್ತಾನೆ, ರೋಬೋಟ್ ಸೀಳುತ್ತಾನೆ, ಖಳನನ್ನು ಎತ್ತಿ ಕೆಸರಿಗೆ ಎಸೆಯುತ್ತಾನೆ. ಅಷ್ಟು ಕೆಸರುಗುಂಡಿಗಳು ಹೀ-ಮ್ಯಾನ್‌ನ ಲೋಕವಾದ ಎಟರ್ನಿಯಾದಲ್ಲಿ ಇದ್ದದ್ದು ಇದಕ್ಕಾಗಿಯೇ.

ಇಲ್ಲಿಂದ ಸೆಲ್ ವಿಷಯಕ್ಕೆ. ಸೆಲ್ ಎಂದರೆ ಪಾರದರ್ಶಕ ಅಸಿಟೇಟ್ ಹಾಳೆ, ಸಾಮಾನ್ಯ ಅಳತೆ ಸುಮಾರು ಹತ್ತೂವರೆ ಇಂಚಿಗೆ ಹನ್ನೆರಡೂವರೆ ಇಂಚು, ಅಂಚಿನಲ್ಲಿ ಜೋಡಣೆಯ ರಂಧ್ರ. ಪೆನ್ಸಿಲ್ ಚಿತ್ರದ ಗೆರೆಯನ್ನು ಝೆರಾಕ್ಸ್ ವಿಧಾನದಿಂದ ಹಾಳೆಯ ಮುಂಬದಿಗೆ ಇಳಿಸುತ್ತಾರೆ, ಬಣ್ಣವನ್ನು ಹಿಂಬದಿಗೆ ಬಳಿಯುತ್ತಾರೆ. ಮುಂದಿನಿಂದ ನೋಡಿದರೆ ಬಣ್ಣ ನುಣ್ಣಗೆ, ಹಿಂದಿನಿಂದ ನೋಡಿದರೆ ಕುಂಚದ ಏರುತಗ್ಗು. ಬಳಿದ ಸೆಲ್ ಮಗುಚಿದರೆ ಕಾಣುವುದು ಈ ಒರಟು ಬೆನ್ನು. ಹಾಗಾಗಿ ಎಡಬಲ ಬದಲಿಸಬೇಕಾದರೆ ಬಣ್ಣ ಬಳಿಯುವ ಮೊದಲೇ, ಗೆರೆಯ ಹಂತದಲ್ಲೇ ಮಗುಚಬೇಕು.

ಹೊಸ ಸಂಗ್ರಾಹಕರು ಇಲ್ಲಿ ಮೂರು ಕಡೆ ಎಡವುತ್ತಾರೆ. ಕೈಗೆ ಬಂದ ಸೆಲ್‌ನಲ್ಲಿ ಬರೀ ಒಂದು ಬಾಯಿ, ಅಥವಾ ಮೈಯಿಲ್ಲದ ತೋಳು ಇದ್ದರೆ ಹರಿದುಹೋದದ್ದು ಎಂದುಕೊಳ್ಳುತ್ತಾರೆ. ಅದು ಹಾಗೇ ಮಾಡಿದ್ದು. ಮೈ ಒಂದು ಹಾಳೆ, ತಲೆ ಒಂದು ಹಾಳೆ, ಬಾಯಿ ಒಂದು ಹಾಳೆ. ಮಾತಾಡುವಾಗ ಬಾಯಿಯ ಹಾಳೆ ಮಾತ್ರ ಬದಲಾಗುತ್ತದೆ. ಎರಡನೆಯದು ಬಣ್ಣ: ಒಂದೇ ಪಾತ್ರದ ಎರಡು ಸೆಲ್‌ಗಳಲ್ಲಿ ಮೈಬಣ್ಣ ತುಸು ಬೇರೆಯಾದರೆ ನಕಲಿ ಎಂದು ಅನುಮಾನಿಸುತ್ತಾರೆ. ಮೇಲೆ ಇಟ್ಟ ಪ್ರತಿ ಹಾಳೆಯೂ ಸ್ವಲ್ಪ ಬೆಳಕು ನುಂಗಿ ಕೆಳಗಿನದನ್ನು ಮಸುಕು ಮಾಡುವುದರಿಂದ, ಕೆಳಪದರಕ್ಕೆ ಹೋಗುವ ಸೆಲ್‌ಗೆ ಬಣ್ಣವನ್ನು ಬೇಕೆಂದೇ ತಿಳಿಗೊಳಿಸುವ ಪದ್ಧತಿ ಇತ್ತು. ಮೂರನೆಯದು ಮಿಂಚು. ಕತ್ತಿಯಿಂದ ಹೊಮ್ಮುವ ಬೆಳಕು ಸೆಲ್ ಮೇಲೆ ಇಲ್ಲವಲ್ಲ ಎಂದು ಬೇಸರಪಡುತ್ತಾರೆ. ಅದು ಕ್ಯಾಮೆರಾದ ಕೆಲಸ: ಮೊದಲು ಚಿತ್ರವನ್ನು ಸೆರೆಹಿಡಿದು, ರೀಲು ಹಿಂದಕ್ಕೆ ಸುತ್ತಿ, ಮಿಂಚಿನ ಆಕಾರ ಬಿಟ್ಟು ಉಳಿದದ್ದೆಲ್ಲ ಕಪ್ಪಾದ ಹಾಳೆಯ ಕೆಳಗಿನಿಂದ ಬೆಳಕು ಹಾಯಿಸಿ, ಬಣ್ಣದ ಗಾಜು ಅಡ್ಡವಿಟ್ಟು ಅದೇ ರೀಲಿನ ಮೇಲೆ ಎರಡನೇ ಸಲ ಸೆರೆಹಿಡಿಯುತ್ತಿದ್ದರು.

ಹಿನ್ನೆಲೆ ಚಿತ್ರ ಬೇರೆಯೇ ವಸ್ತು: ದಪ್ಪ ಕಾಗದದ ಮೇಲೆ ಕುಂಚದಿಂದ ಬರೆದದ್ದು. ಎಟರ್ನಿಯಾದ ಕತ್ತಲ ಆಕಾಶ, ಮುಳ್ಳುಬಂಡೆಗಳು, ಇವೇ ಫಿಲ್ಮೇಷನ್‌ನ ನಿಜವಾದ ಸೊಬಗು. ಒಂದು ಹಿನ್ನೆಲೆಯ ಮುಂದೆ ನೂರಾರು ಸೆಲ್ ಹಾದುಹೋಗುವುದರಿಂದ ಸೆಲ್ ಹೇರಳ, ಮೂಲ ಹಿನ್ನೆಲೆ ವಿರಳ. ಮಾರಾಟಕ್ಕೆ ಬರುವ ಬಹುಪಾಲು ಸೆಲ್‌ಗಳ ಹಿಂದೆ ಇರುವುದು ಬಣ್ಣದ ನಕಲುಪ್ರತಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ: ಸಾಲು ಸಾಲು ಚುಕ್ಕೆ ಕಂಡರೆ ಮುದ್ರಣ, ಬಣ್ಣದ ದಪ್ಪ, ಕುಂಚದ ಅಂಚು ಕಂಡರೆ ಕೈಬರಹ. ನಕಲು ಹಿನ್ನೆಲೆ ಇದ್ದರೆ ಸೆಲ್ ನಕಲಿ ಎಂದಲ್ಲ. ಬೆಲೆ ಮಾತ್ರ ಆ ಪ್ರಕಾರ ಇರಬೇಕು.

ಸೆಲ್ ಕೆಡುವ ಬಗೆ ಎರಡು. ಅಸಿಟೇಟ್ ಹಾಳೆ ತೇವ ಮತ್ತು ಬಿಸಿಗೆ ಒಡೆಯುತ್ತ ಹೋಗಿ ಅಸಿಟಿಕ್ ಆಮ್ಲ ಬಿಡುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ವಿನೆಗರ್ ವಾಸನೆ ಬಂದರೆ ಅದೇ. ಆಮ್ಲವೇ ಮತ್ತಷ್ಟು ಒಡೆತಕ್ಕೆ ದಾರಿಯಾಗುವುದರಿಂದ ಒಮ್ಮೆ ಶುರುವಾದರೆ ವೇಗ ಹೆಚ್ಚುತ್ತದೆ, ಪಕ್ಕದ ಸೆಲ್‌ಗೂ ಹತ್ತುತ್ತದೆ. ವಾಸನೆ ಬಂದ ಸೆಲ್ ಅನ್ನು ಆ ದಿನವೇ ಬೇರೆ ಕೋಣೆಗೆ ಒಯ್ಯಿರಿ. ಆಮ್ಲ ಸೂಚಿಸುವ ಎ-ಡಿ ಪಟ್ಟಿಗಳು ಸಿಗುತ್ತವೆ. ಪೆಟ್ಟಿಗೆಯೊಳಗೆ ಇಟ್ಟರೆ ನೀಲಿಯಿಂದ ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತವೆ. ಎರಡನೆಯದು ಬಣ್ಣದ್ದು: ತೇವ ಹೆಚ್ಚಾದರೆ ಬಣ್ಣ ಮೆತ್ತಗಾಗಿ ತಾಗಿದ ಕಾಗದಕ್ಕೆ ಅಂಟುತ್ತದೆ, ತೀರ ಒಣಗಿದರೆ ಬಿರುಕು ಬಿಟ್ಟು ಉದುರುತ್ತದೆ. ತೇವಾಂಶ ನೂರಕ್ಕೆ 40ರಿಂದ 50, ತಾಪ 20 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ಮಂಗಳೂರು, ಉಡುಪಿ, ಕಾರವಾರದಲ್ಲಿ ಮಳೆಗಾಲದ ತೇವಾಂಶ 85 ದಾಟುವುದು ಮಾಮೂಲು. ಅಲ್ಲಿ ತೇವ ಹೀರುವ ಯಂತ್ರವಿಲ್ಲದೆ ಸೆಲ್ ಗೋಡೆಗೆ ಹಾಕಬಾರದು. ಕಲಬುರಗಿಯ ಬೇಸಿಗೆಯಲ್ಲಿ ಭಯ ತದ್ವಿರುದ್ಧ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಆಮ್ಲ ಒಳಗೇ ಕೂಡುತ್ತದೆ, ಅದೂ ಬೇಡ.

ಕಟ್ಟು ಹಾಕಿಸುವಾಗ ಗಾಜು ಸೆಲ್‌ಗೆ ತಾಗದಂತೆ ನಡುವೆ ರಟ್ಟಿನ ಅಂಚು ಇರಲಿ, ಗಾಜು ಅತಿನೇರಳೆ ಕಿರಣ ತಡೆಯುವಂಥದ್ದಾಗಿರಲಿ. ಲ್ಯಾಮಿನೇಷನ್ ಮಾಡಿಸಿದರೆ ಸೆಲ್ ಅಲ್ಲಿಗೆ ಮುಗಿಯಿತು. ಮುಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಝೆರಾಕ್ಸ್ ಗೆರೆಯೇ ಎದ್ದು ಬರುತ್ತದೆ. ಒಣ ಮೃದು ಕುಂಚ ಸಾಕು. ಹಿಂಬದಿಗೆ ನೀರು ಸೋಕಿಸಲೇಬಾರದು. ಎಷ್ಟೋ ಸೆಲ್‌ಗಳ ಬೆನ್ನಿಗೆ ಪೆನ್ಸಿಲ್ ಚಿತ್ರದ ಕಾಗದ ಅಂಟಿಕೊಂಡಿರುತ್ತದೆ. ಅದನ್ನು ಕೀಳಬೇಡಿ, ಬಣ್ಣ ಕಾಗದದ ಜೊತೆಗೇ ಬರುತ್ತದೆ. ನುರಿತ ಸಂರಕ್ಷಕರು ಮಾತ್ರ ತೇವವನ್ನು ಹದವಾಗಿ ಏರಿಸಿ ಬಿಡಿಸಬಲ್ಲರು.

ಬೊಂಬೆಯ ರೋಗಗಳು ಬೇರೆ. ಕಾಲು ಜೋತುಬಿದ್ದಿದ್ದರೆ ಸೊಂಟದೊಳಗಿನ ರಬ್ಬರ್ ಸತ್ತಿದೆ ಎಂದರ್ಥ. ಎರಡೂ ಕಾಲಿನ ಕೊಕ್ಕೆಗೆ ಸಿಕ್ಕಿಸಿದ ಒಂದೇ ರಬ್ಬರ್ ಅದು. ಅದೇ ದಪ್ಪದ ಹೊಸ ರಬ್ಬರ್ ಬಳೆಯನ್ನು ಒಂದು ಕಾಲಿನ ಕೊಕ್ಕೆಗೆ ಹಾಕಿ, ಗಟ್ಟಿ ದಾರ ಕಟ್ಟಿ ಸೊಂಟದ ತೂತಿನಿಂದ ಆಚೆಗೆ ಎಳೆದು, ಇನ್ನೊಂದು ಕೊಕ್ಕೆಗೆ ಸಿಕ್ಕಿಸಿ ದಾರ ಬಿಚ್ಚಬೇಕು. ತಲೆ ತೆಗೆಯಬೇಕಾದರೆ 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ತಲೆಯನ್ನಷ್ಟೇ ಎರಡು ಮೂರು ನಿಮಿಷ ಅದ್ದಿದರೆ ಮೆದುವಾಗುತ್ತದೆ. ಮೈ ಮುಳುಗಿಸಿದರೆ ಒಳಗಿನ ಸ್ಪ್ರಿಂಗ್‌ಗೆ ತುಕ್ಕು ಹಿಡಿದು ಗುದ್ದು ನಿಲ್ಲುತ್ತದೆ. ಕೈಕಾಲು ಜಿಗುಟಾಗಿದ್ದರೆ ಪಿವಿಸಿಯನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಒಸರುತ್ತಿದೆ. ಪಾತ್ರೆ ತೊಳೆಯುವ ಸೋಪಿನ ತೆಳುನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ ನೆರಳಲ್ಲಿ ಒಣಗಿಸಿ. ಥಿನ್ನರ್, ಅಸಿಟೋನ್ ತಾಗಿದರೆ ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ. ಆ ಜಿಗುಟು ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುವುದರಿಂದ ಒಂದು ಬೊಂಬೆಯ ಕಾಲು ಇನ್ನೊಂದರ ಕವಚಕ್ಕೆ ತಾಗದಂತೆ ಇಡಬೇಕು. ಮಾಸ್ ಮ್ಯಾನ್‌ಗೆ ನೀರು ಬೇಡವೇ ಬೇಡ, ನೂಲುಪುಡಿ ಕಳಚುತ್ತದೆ. ಸ್ಟಿಂಕರ್‌ನನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟರೆ ಅವನ ವಾಸನೆ ಅವನಲ್ಲೇ ಉಳಿಯುತ್ತದೆ, ಮಾಸ್ ಮ್ಯಾನ್‌ನ ಪರಿಮಳವೂ ಕೆಡುವುದಿಲ್ಲ.

ನಮ್ಮ ಕಡೆಯ ಮಾತು. ದೂರದರ್ಶನದಲ್ಲಿ ಹೀ-ಮ್ಯಾನ್ ಬಂದಾಗ ಎಷ್ಟೋ ಮನೆಗಳಲ್ಲಿ ಕಪ್ಪು-ಬಿಳುಪು ಸೆಟ್ಟೇ ಇದ್ದದ್ದು. ಬ್ಯಾಟಲ್ ಕ್ಯಾಟ್ ಹಸಿರು ಎಂಬುದು ಅಂಗಡಿಯ ಪೆಟ್ಟಿಗೆ ನೋಡಿದ ಮೇಲೆ ತಿಳಿದ ಸಂಗತಿ. ಬೊಂಬೆಗಳು ಇಲ್ಲಿ ಲಿಯೋ ಹೆಸರಿನಲ್ಲಿ, ಮ್ಯಾಟೆಲ್ ಪರವಾನಗಿಯಡಿ ಬಂದವು. ಇವುಗಳ ಬಣ್ಣದ ಛಾಯೆ ಅಮೆರಿಕದಲ್ಲಿ ಮಾರಿದವುಗಳಿಗಿಂತ ಬೇರೆ. ಈಗ ಆ ವ್ಯತ್ಯಾಸಕ್ಕಾಗಿಯೇ ಹೊರದೇಶದ ಸಂಗ್ರಾಹಕರು ಲಿಯೋ ಬೊಂಬೆಗಳನ್ನು ಹುಡುಕುತ್ತಾರೆ. ಬಣ್ಣ ಸರಿಯಿಲ್ಲ ಎಂದು ಯಾರೂ ಅವುಗಳಿಗೆ ಮತ್ತೆ ಬಣ್ಣ ಬಳಿಯಬಾರದು. ಅಟ್ಟದ ಮೇಲೆ ರಟ್ಟು ಸಿಕ್ಕರೆ ಬೊಂಬೆಗಿಂತ ಜೋಪಾನವಾಗಿಡಿ. ಮಕ್ಕಳು ಹರಿದೆಸೆಯುತ್ತಿದ್ದುದು ಅದನ್ನೇ.

ಟಿವಿಯ ಬಗ್ಗೆ ಒಂದು ಸೂಕ್ಷ್ಮ. ಆಗ ಭಾರತದ್ದು ಪಾಲ್ ಎಂಬ ಟಿವಿ ಪ್ರಸಾರ ಪದ್ಧತಿ, ಸೆಕೆಂಡಿಗೆ 25 ಚೌಕಟ್ಟು. 24ರ ರೀಲನ್ನು ಪಾಲ್ ಟೇಪಿಗೆ ನೇರವಾಗಿ ಇಳಿಸಿದರೆ 22 ನಿಮಿಷದ ಕಂತು 21 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ, ಧ್ವನಿ ಅರ್ಧ ಸ್ವರದ ಸುಮಾರು ಮುಕ್ಕಾಲು ಪಾಲಿನಷ್ಟು ಏರುತ್ತದೆ. ಹಳೆಯ ಟೇಪು ಮತ್ತು ಈಗಿನ ಡಿಸ್ಕಿನಲ್ಲಿ ಸ್ಕೆಲಿಟರ್‌ನ ನಗೆ ಒಂದೇ ಥರ ಕೇಳದಿದ್ದರೆ ಮೊದಲು ಇದನ್ನು ಪರೀಕ್ಷಿಸಿ.

ಫಿಲ್ಮೇಷನ್ 1985ರಲ್ಲಿ ಹೀ-ಮ್ಯಾನ್‌ನ ಅವಳಿ ತಂಗಿ ಶೀ-ರಾಳ ಧಾರಾವಾಹಿ ತಂದಿತು, ಅದು 93 ಕಂತು. 1989ರ ಫೆಬ್ರುವರಿ 3ರಂದು ಸ್ಟುಡಿಯೋ ಮುಚ್ಚಿತು. ಕೊಂಡವರು ಫ್ರಾನ್ಸಿನ ಲೋರಿಯಲ್ ಗುಂಪಿನವರು. ಮುಚ್ಚುವ 60 ದಿನ ಮೊದಲು ನೌಕರರಿಗೆ ತಿಳಿಸಬೇಕೆಂಬ ಅಮೆರಿಕದ ಹೊಸ ಕಾನೂನು ಜಾರಿಯಾದದ್ದು ಮರುದಿನ. ಅಲ್ಲಿಗೆ ಲಾಸ್ ಏಂಜಲೀಸ್‌ನಲ್ಲೇ ಟಿವಿ ಕಾರ್ಟೂನ್ ಪೂರ್ತಿ ಬರೆಯುತ್ತಿದ್ದ ಆ ಮೇಜುಗಳು ಖಾಲಿಯಾದವು, ಸೆಲ್‌ಗಳು ಮಾರುಕಟ್ಟೆಗೆ ಚೆದುರಿದವು.

ಆದ್ದರಿಂದ ಯಾರ ಬಳಿಯಾದರೂ ಒಂದು ಸೆಲ್ ಇದ್ದರೆ ಚಿತ್ರ ತೆಗೆದಿಡಿ. ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಡ: ಮುಚ್ಚಳದ ಒತ್ತಡ, ದೀಪದ ಬಿಸಿ ಎರಡೂ ಮೆತ್ತಗಿನ ಬಣ್ಣಕ್ಕೆ ಕೆಟ್ಟದ್ದು. ಬಿಳಿ ಕಾಗದದ ಮೇಲೆ ಸೆಲ್ ಮಲಗಿಸಿ, ಕ್ಯಾಮೆರಾವನ್ನು ನೇರ ಮೇಲೆ ನಿಲ್ಲಿಸಿ, ಎರಡು ಬದಿಯಿಂದ 45 ಡಿಗ್ರಿ ಕೋನದಲ್ಲಿ ಒಂದೇ ಬಗೆಯ ದೀಪ ಇಡಿ. ಅಂಚಿನಲ್ಲಿ ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿ ಇರಲಿ. ಮುಂಬದಿ ಒಂದು, ಹಿಂಬದಿ ಒಂದು, ಅಂಚಿನಲ್ಲಿ ಕೈಬರಹದ ಸಂಖ್ಯೆಗಳಿದ್ದರೆ ಹತ್ತಿರದಿಂದ ಇನ್ನೊಂದು. ಅದು ಯಾವ ದೃಶ್ಯದ ಎಷ್ಟನೇ ಚಿತ್ರ, ಎಷ್ಟನೇ ಪದರ ಎಂದು ಗುರುತಿಸಲು ನೆರವಾಗುವುದು ಆ ಸಂಖ್ಯೆಗಳೇ. ಕಟ್ಟು ಹಾಕುವವರು ರಟ್ಟಿಗೆ ಹೊಂದಲಿ ಎಂದು ಆ ಅಂಚನ್ನು ಕತ್ತರಿಸಲು ಬಿಡಬೇಡಿ.